ಮನೆಯೊಳಗೊಂದು ಕಡಲು

ಕಡಲ ತೀರದಿಂದ ಹಿಂತಿರುಗುವ ಮಕ್ಕಳ ಜೇಬಿನಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಒಂದು ಕವಡೆ, ಒಂದು ಚಿಪ್ಪು, ಇಲ್ಲವೇ ನುಣುಪಾದ ಒಂದು ಕಲ್ಲು. ಮನೆಗೆ ಬಂದು ತೆಗೆದು ನೋಡಿದರೆ ಅದರ ಬಣ್ಣ ಮಾಸಿರುತ್ತದೆ. ನೀರಿನಲ್ಲಿದ್ದಾಗಿನ ಹೊಳಪು ಒಣಗಿದೊಡನೆಯೇ ಹೋಗಿಬಿಟ್ಟಿರುತ್ತದೆ. ಕಡಲನ್ನು ಬಿಟ್ಟು ಕಡಲಿನ ವಸ್ತುವನ್ನಷ್ಟೇ ತಂದರೆ ಆಗುವುದು ಹೀಗೆಯೇ. ಹಾಗಾದರೆ ಕಡಲಿನ ಒಂದು ತುಣುಕನ್ನೇ ಮನೆಗೆ ತರಲು ಸಾಧ್ಯವೇ? ಅದೂ ತಿಂಗಳ ಸಂಬಳವನ್ನು ನೆಚ್ಚಿಕೊಂಡವರ ಮನೆಗೆ?

ಸಾಧ್ಯ. ಆದರೆ ಅದಕ್ಕೆ ಬೇಕಾದುದು ನಾವು ಸಾಮಾನ್ಯವಾಗಿ ಎಣಿಸುವಷ್ಟು ಹಣವಲ್ಲ; ನಾವು ಸಾಮಾನ್ಯವಾಗಿ ಎಣಿಸದಷ್ಟು ತಾಳ್ಮೆ.

ಈ ಆಸೆ ಹೊಸದೇನೂ ಅಲ್ಲ. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕ್ವೆ ತೀರದಿಂದ ಕೆಲವು ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ಕೊಂಡೊಯ್ದರು. ವಿದ್ಯುತ್ತಿನ ಪಂಪು ಇಲ್ಲದ ಕಾಲ. ನೀರಿಗೆ ಗಾಳಿ ಬೆರೆಯಬೇಕೆಂದು ತೆರೆದ ಕಿಟಕಿಯ ಮುಂದೆ ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊತ್ತುಹೊತ್ತು ಎತ್ತಿ ಹೊಯ್ಯಿಸುತ್ತಿದ್ದರು. ಆ ಶ್ರಮದ ದೊಡ್ಡ ಪಾಲು ಮನೆಗೆಲಸದ ಹೆಣ್ಣುಮಗಳದು. ಮುಂದೆ 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯ ಸಾರ್ವಜನಿಕರಿಗಾಗಿ ಮತ್ಸ್ಯಾಗಾರವನ್ನು ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿಯ 'ದಿ ಅಕ್ವೇರಿಯಂ' ಎಂಬ ಪುಸ್ತಕ ಹೊರಬಂದಿತು. ಅದೇ ವರ್ಷ ಆತ ಲವಣಗಳನ್ನು ಸಿಹಿನೀರಿಗೆ ಬೆರೆಸಿ ಕೃತಕ ಸಮುದ್ರಜಲವನ್ನು ತಯಾರಿಸುವ ವಿಧಾನವನ್ನೂ ಪ್ರಕಟಿಸಿದ. ಕಡಲಿನಿಂದ ದೂರವಿರುವವರೂ ಕಡಲನ್ನು ಸಾಕಬಹುದೆಂಬ ಮಾತು ಅಲ್ಲಿಂದ ಮುಂದೆ ಬರಿಯ ಕನಸಾಗಿ ಉಳಿಯಲಿಲ್ಲ.

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಮೀನನ್ನು ಸಾಕುವುದು ಸಿಹಿನೀರಿನ ಮೀನನ್ನು ಸಾಕುವುದಕ್ಕಿಂತ ಕಷ್ಟವೇಕೆ ಎಂಬುದನ್ನು ಮೊದಲು ತಿಳಿಯಬೇಕು. ಸಿಹಿನೀರಿನ ಮೀನಿನ ಮೈಯೊಳಗಿನ ದ್ರವ ಹೊರಗಿನ ನೀರಿಗಿಂತ ಉಪ್ಪು. ಆದುದರಿಂದ ನೀರು ತಾನಾಗಿಯೇ ಅದರ ಮೈಯೊಳಗೆ ಇಳಿಯುತ್ತದೆ. ಅದು ನೀರನ್ನು ಕುಡಿಯಬೇಕಾಗಿಯೇ ಇಲ್ಲ. ಕಡಲ ಮೀನಿನ ಸ್ಥಿತಿ ಇದಕ್ಕೆ ವಿರುದ್ಧ. ಹೊರಗಿನ ಉಪ್ಪು ಅದರ ಮೈಯ ನೀರನ್ನು ಸದಾ ಸೆಳೆಯುತ್ತಿರುತ್ತದೆ. ನೀರಿನ ನಡುವೆಯೇ ಇದ್ದು ಬಾಯಾರಿದ ಜೀವ ಅದು. ಸಮುದ್ರಜಲವನ್ನು ಕುಡಿಯುತ್ತಲೇ ಇರಬೇಕು. ಒಳಹೊಕ್ಕ ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಗೆ ತಳ್ಳುತ್ತಿರಬೇಕು. ಎಂದರೆ ನಮ್ಮ ತೊಟ್ಟಿಯ ನೀರಿನಲ್ಲಿ ಏನಿದೆಯೋ ಅದನ್ನೆಲ್ಲ ಅದು ಕುಡಿಯುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಸಿಹಿನೀರು ಎಂಟು ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದಿಡಬಲ್ಲದು. ಸಮುದ್ರಜಲ ಏಳು ಮಿಲಿಗ್ರಾಂ ಕೂಡ ಹಿಡಿಯಲಾರದು. ಉಸಿರಾಟಕ್ಕೆ ಇರುವ ಅವಕಾಶವೇ ಕಡಮೆ.

ಆದುದರಿಂದ ತೊಟ್ಟಿಯ ಗಾತ್ರದಿಂದಲೇ ವಿಚಾರ ಮೊದಲಾಗಬೇಕು. ಖರ್ಚನ್ನು ಉಳಿಸಲು ಚಿಕ್ಕ ತೊಟ್ಟಿಯನ್ನು ಕೊಳ್ಳುವುದು ಸಹಜವೆನಿಸಿದರೂ ಅದೇ ಮೊದಲನೆಯ ತಪ್ಪು ಲೆಕ್ಕ. ಹತ್ತು ಲೀಟರು ನೀರಿನಲ್ಲಿ ಸತ್ತ ಒಂದು ಬಸವನಹುಳು ಇಡೀ ತೊಟ್ಟಿಗೆ ವಿಷವಾಗಬಲ್ಲದು. ನೂರು ಲೀಟರಿನಲ್ಲಿ ಅದು ಕರಗಿಹೋಗುವ ಸಂಗತಿ. ನೀರು ಹೆಚ್ಚಿದಷ್ಟೂ ಬದಲಾವಣೆ ನಿಧಾನ. ಬದಲಾವಣೆ ನಿಧಾನವಾದಷ್ಟೂ ಕಲಿಯುವವನಿಗೆ ತಪ್ಪನ್ನು ತಿದ್ದಿಕೊಳ್ಳಲು ಕಾಲಾವಕಾಶ. 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ತೊಟ್ಟಿಯಲ್ಲಿ 96 ಲೀಟರು ಹಿಡಿಯುತ್ತದೆ. ಕಲ್ಲು ಮರಳು ಹಾಕಿದ ಮೇಲೆ ನಿಲ್ಲುವ ನೀರು 80 ಲೀಟರಿನ ಆಸುಪಾಸು. ಇಷ್ಟು ಸಾಕು. ಊರಿನಲ್ಲಿ ಕಿಟಕಿಯ ಗಾಜು ಕತ್ತರಿಸಿ ಕೊಡುವ ಅಂಗಡಿಯವರಲ್ಲಿ ತೊಟ್ಟಿ ಕಟ್ಟಿ ಅನುಭವವಿರುವವರಿಗೆ ಹೇಳಿ, 8 ಮಿಲಿಮೀಟರ್ ದಪ್ಪದ ಗಾಜಿನಿಂದ ಮಾಡಿಸಿಕೊಂಡರೆ ಹಣ ಉಳಿಯುತ್ತದೆ. ತುಂಬಿದ ತೊಟ್ಟಿಯ ತೂಕ ನೂರು ಕಿಲೋಗ್ರಾಂ ಮೀರುವುದರಿಂದ ಪುಸ್ತಕದ ಕಪಾಟಿನ ಮೇಲಾಗಲಿ ಹಳೆಯ ಟೀಪಾಯಿಯ ಮೇಲಾಗಲಿ ಇಡತಕ್ಕದ್ದಲ್ಲ. ಬಿಸಿಲು ನೇರವಾಗಿ ಬೀಳುವ ಕಿಟಕಿಯೂ ಬೇಡ. ನೀರು ಕಾಯುತ್ತದೆ, ಪಾಚಿ ಹಬ್ಬುತ್ತದೆ.

ಇನ್ನು ನೀರು. ಒಂದು ಲೀಟರು ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅಡುಗೆಯ ಉಪ್ಪನ್ನು ಅಷ್ಟು ತೂಗಿ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಕಡಲಿನ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡುಗಳ ಪಾಲು ನೂರಕ್ಕೆ 85ರಷ್ಟು. ಮಿಕ್ಕ ಹದಿನೈದು ಪಾಲಿನಲ್ಲಿ ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟಾಸಿಯಂ, ಬೈಕಾರ್ಬೊನೇಟುಗಳಿವೆ. ಜೀವಕ್ಕೆ ಆ ಹದಿನೈದು ಪಾಲೂ ಬೇಕು. ಚಾಲೆಂಜರ್ ಎಂಬ ಬ್ರಿಟಿಷ್ ಹಡಗು 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿ ನೀರಿನ ಮಾದರಿಗಳನ್ನು ತಂದಿತು. ವಿಲಿಯಂ ಡಿಟ್‌ಮಾರ್ ಎಂಬ ರಸಾಯನಶಾಸ್ತ್ರಜ್ಞ ಅವುಗಳಲ್ಲಿ 77ನ್ನು ಪರೀಕ್ಷಿಸಿ 1884ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ. ಒಂದು ಕಡೆಯ ನೀರು ಹೆಚ್ಚು ಉಪ್ಪಾಗಿರಬಹುದು, ಇನ್ನೊಂದು ಕಡೆಯದು ಕಡಮೆಯಾಗಿರಬಹುದು. ಆದರೆ ಮುಖ್ಯ ಲವಣಗಳು ತಮ್ಮತಮ್ಮಲ್ಲಿ ಕಾಯ್ದುಕೊಂಡ ಪ್ರಮಾಣ ಮಾತ್ರ ತೆರೆದ ಸಾಗರದಲ್ಲೆಲ್ಲ ಒಂದೇ. ಈ ಪ್ರಮಾಣಕ್ಕೆ ಸರಿಯಾಗಿ ಬೆರೆಸಿದ ಕಡಲುಪ್ಪಿನ ಮಿಶ್ರಣ ಅಂಗಡಿಗಳಲ್ಲಿ ದೊರೆಯುತ್ತದೆ. ನಮ್ಮ ತೊಟ್ಟಿಗೆ ಮೊದಲ ಬಾರಿ ಮೂರು ಕಿಲೋಗ್ರಾಂನಷ್ಟು ಬೇಕಾದೀತು. ಇಲ್ಲಿ ಜಿಪುಣತನ ಸಲ್ಲದು.

ಉಪ್ಪನ್ನು ಬೆರೆಸುವ ನೀರೂ ಶುದ್ಧವಾಗಿರಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಕೊಳವೆಬಾವಿಯ ನೀರಿನಲ್ಲಿ ಗಡಸುತನವೂ ಕೆಲವೆಡೆ ನೈಟ್ರೇಟೂ ಇರುತ್ತವೆ. ನಮ್ಮ ಊರುಗಳಲ್ಲಿ ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಈ ಹವ್ಯಾಸಕ್ಕೆ ಒದಗಿದ ವರವೆನ್ನಬೇಕು. ಪ್ಲಾಸ್ಟಿಕ್ ಬಕೀಟಿನಲ್ಲಿ ನೀರು ತುಂಬಿ, ಉಪ್ಪು ಬೆರೆಸಿ, ಒಂದು ದಿನ ಗಾಳಿಯಾಡಿಸಿ ಆಮೇಲೆ ಬಳಸಬೇಕು. ತಾಮ್ರದ ಹಂಡೆ, ಕೊಳಗಗಳನ್ನು ಈ ಕೆಲಸಕ್ಕೆ ಮುಟ್ಟಬಾರದು. ಮನುಷ್ಯರಿಗೆ ಒಳ್ಳೆಯದೆಂದು ನಾವು ನಂಬಿರುವ ತಾಮ್ರ ಸಿಗಡಿ, ಬಸವನಹುಳು, ಹವಳಗಳಂಥ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ.

ಮಂಗಳೂರು, ಉಡುಪಿ, ಕಾರವಾರದವರು ಕಡಲ ನೀರನ್ನೇ ತಂದರೆ ಉಪ್ಪಿನ ಹಣ ಉಳಿಯುತ್ತದೆ. ಆದರೆ ಬಂದರಿನ ಬಳಿಯ ನೀರು ಬೇಡ. ನೇತ್ರಾವತಿ, ಕಾಳಿಯಂಥ ನದಿಗಳ ಅಳಿವೆಯ ನೀರೂ ಬೇಡ. ಮಳೆಗಾಲದಲ್ಲಂತೂ ಘಟ್ಟದಿಂದಿಳಿದ ನೀರು ಸೇರಿ ತೀರದ ಕಡಲು ಸಪ್ಪೆಯಾಗಿರುತ್ತದೆ. ಬೇಸಗೆಯಲ್ಲಿ ತೆರೆದ ತೀರದಿಂದ ತಂದು, ದಪ್ಪ ಬಟ್ಟೆಯಲ್ಲಿ ಸೋಸಿ, ಎರಡು ವಾರ ಕತ್ತಲಲ್ಲಿ ಮುಚ್ಚಿಟ್ಟು, ತಳದ ಗಸಿಯನ್ನು ಬಿಟ್ಟು ಮೇಲಿನದನ್ನು ಬಳಸಬೇಕು.

ಉಪ್ಪನ್ನು ಅಳೆಯಲು ಹೈಡ್ರೋಮೀಟರ್ ಬೇಕು. ಡೈರಿಯಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರಿನ ಒಡಹುಟ್ಟು ಅದು. 25 ಡಿಗ್ರಿ ಉಷ್ಣತೆಯಲ್ಲಿ ಅದು ತೋರಿಸುವ ಸಾಪೇಕ್ಷ ಸಾಂದ್ರತೆ 1.023ರಿಂದ 1.026ರೊಳಗಿರಬೇಕು. ದಿನ ಕಳೆದಂತೆ ತೊಟ್ಟಿಯ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಒಲೆಯ ಮೇಲೆ ಬತ್ತಿದ ಸಾರು ಉಪ್ಪಾಗುವಂತೆ ತೊಟ್ಟಿಯೂ ಉಪ್ಪಾಗುತ್ತದೆ. ಆದುದರಿಂದ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ಹೊಸಬರು ಮಾಡುವ ತಪ್ಪುಗಳಲ್ಲಿ ಇದೊಂದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನನ್ನ ಮೊದಲನೆಯ ತೊಟ್ಟಿಯಲ್ಲಿ ನೀರು ತುಂಬಿದ ಮೂರನೆಯ ದಿನವೇ ನಾಲ್ಕು ಮೀನುಗಳನ್ನು ತಂದು ಬಿಟ್ಟೆ. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಮಾರಿದವರು ಬೇಡವೆನ್ನಲಿಲ್ಲ, ನಾನು ಕೇಳಲೂ ಇಲ್ಲ. ಆರನೆಯ ದಿನ ಅವು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಹತ್ತನೆಯ ದಿನಕ್ಕೆ ತೊಟ್ಟಿ ಬರಿದಾಯಿತು. ನೀರು ಆಗಲೂ ಕನ್ನಡಿಯಂತೆಯೇ ತಿಳಿಯಾಗಿತ್ತು. ಕಣ್ಣಿಗೆ ಕಾಣುವ ಸ್ವಚ್ಛತೆಗೂ ಬದುಕಲು ಬೇಕಾದ ಸ್ವಚ್ಛತೆಗೂ ಸಂಬಂಧವಿಲ್ಲವೆಂಬುದನ್ನು ನಾಲ್ಕು ಜೀವಗಳನ್ನು ತೆತ್ತು ಕಲಿತೆ. ತೆತ್ತವನು ನಾನಲ್ಲ, ಅವು.

ಆದುದೇನು? ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿಂದುಳಿದ ಆಹಾರ ಕೊಳೆತರೂ ಹುಟ್ಟುವುದು ಅಮೋನಿಯವೇ. ಕಡಲಿನಲ್ಲಿ ಅದು ಕ್ಷಣದಲ್ಲಿ ಚದುರಿಹೋಗುತ್ತದೆ. ತೊಟ್ಟಿಯಲ್ಲಿ ಹೋಗಲು ಎಡೆಯಿಲ್ಲ. ಅಲ್ಲದೆ ಕಡಲ ನೀರು ತುಸು ಕ್ಷಾರೀಯ. ಅದರ ಪಿಎಚ್ 8.1ರಿಂದ 8.4ರವರೆಗೆ. ಪಿಎಚ್ 7ರ ಸಿಹಿನೀರಿನಲ್ಲಿ ಅಮೋನಿಯ ಬಹುಮಟ್ಟಿಗೆ ಅಮೋನಿಯಂ ಎಂಬ ನಿರಪಾಯಕಾರಿ ರೂಪದಲ್ಲಿರುತ್ತದೆ. ಕ್ಷಾರೀಯ ನೀರಿನಲ್ಲಿ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಈ ವಿಷವನ್ನು ಕಳೆಯುವ ಕೆಲಸವನ್ನು ನಿಸರ್ಗ ಎರಡು ಬಗೆಯ ಬ್ಯಾಕ್ಟೀರಿಯಗಳಿಗೆ ವಹಿಸಿದೆ. ಮೊದಲನೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಎರಡನೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ನೈಟ್ರೇಟು ಮಿತಿಯಲ್ಲಿದ್ದರೆ ಮೀನು ತಾಳಿಕೊಳ್ಳಬಲ್ಲದು. 1890ರ ಸುಮಾರಿಗೆ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ ಮಣ್ಣಿನಲ್ಲಿ ಕಂಡುಹಿಡಿದ ಈ ಎರಡು ಹಂತದ ಕ್ರಿಯೆಯೇ ನಮ್ಮ ತೊಟ್ಟಿಯ ಜೀವಾಳ.

ಈ ಬ್ಯಾಕ್ಟೀರಿಯಗಳು ಕಲ್ಲಿನ ರಂಧ್ರಗಳಲ್ಲಿ, ಮರಳಿನ ಕಣಗಳ ಮೇಲೆ ನೆಲೆಸುತ್ತವೆ. ನೆಲೆಸಲು ಕಾಲ ಬೇಕು. ಹಾಲು ಹೆಪ್ಪಾಗಲು ಒಂದು ರಾತ್ರಿ ಸಾಕು. ತೊಟ್ಟಿ ಹೆಪ್ಪಾಗಲು ನಾಲ್ಕರಿಂದ ಆರು ವಾರ. ಮೀನಿಲ್ಲದ ತೊಟ್ಟಿಗೆ ಮಾರುಕಟ್ಟೆಯ ಒಂದು ಹಸಿ ಸಿಗಡಿಯನ್ನು ಹಾಕಿ ಕೊಳೆಯಲು ಬಿಡಬೇಕು. ಅದರಿಂದ ಹುಟ್ಟುವ ಅಮೋನಿಯ ಬ್ಯಾಕ್ಟೀರಿಯಗಳಿಗೆ ಅನ್ನ. ಪರೀಕ್ಷೆಯ ದ್ರಾವಣಗಳಿಂದ ಎರಡು ದಿನಕ್ಕೊಮ್ಮೆ ನೋಡುತ್ತಿದ್ದರೆ ಮೊದಲು ಅಮೋನಿಯ ಏರಿ ಇಳಿಯುವುದು, ಆಮೇಲೆ ನೈಟ್ರೈಟ್ ಏರಿ ಇಳಿಯುವುದು, ಕಡೆಗೆ ನೈಟ್ರೇಟು ಕಾಣಿಸಿಕೊಳ್ಳುವುದು. ಮೊದಲೆರಡೂ ಸೊನ್ನೆಗೆ ಬಂದು ಅಲ್ಲಿಯೇ ನಿಂತ ದಿನ ತೊಟ್ಟಿ ಸಿದ್ಧ. ಪರಿಚಯದವರ ಹಳೆಯ ಆರೋಗ್ಯವಂತ ತೊಟ್ಟಿಯಿಂದ ಒಂದು ಹಿಡಿ ಮರಳು ದೊರೆತರೆ ಅದೇ ಹೆಪ್ಪಾಗಿ ಕಾಲ ಕಡಮೆಯಾದೀತು. ಪರೀಕ್ಷೆಯ ಸಾಮಗ್ರಿಗೆ ಕೊಡುವ ಹಣ ದಂಡವೆಂದು ತೋರುತ್ತದೆ. ನಾನು ಅಂದು ಅದನ್ನು ಕೊಂಡಿದ್ದರೆ ನಾಲ್ಕು ಮೀನುಗಳ ಬೆಲೆಯೂ ಉಳಿಯುತ್ತಿತ್ತು, ಮೀನುಗಳೂ ಉಳಿಯುತ್ತಿದ್ದವು.

ಹಾಗಾದರೆ ಉಳಿತಾಯ ಎಲ್ಲಿ? ದೀಪದಲ್ಲಿ ಉಳಿಸಬಹುದು. ಹವಳಕ್ಕೆ ಪ್ರಖರವಾದ, ದುಬಾರಿಯಾದ ಬೆಳಕು ಬೇಕು. ಮೀನಿಗೆ ಸಾಧಾರಣ ಎಲ್‌ಇಡಿ ದೀಪ ಸಾಕು. ನೀರಿನಿಂದ ನೊರೆಯೆಬ್ಬಿಸಿ ಕಲ್ಮಷ ತೆಗೆಯುವ ಸ್ಕಿಮ್ಮರ್ ಎಂಬ ಯಂತ್ರವಿದೆ. ಎರಡೇ ಮೀನುಗಳ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸಿದರೆ ಅದಿಲ್ಲದೆಯೂ ನಡೆಯುತ್ತದೆ. ಎಂಟು ಲೀಟರು ನೀರು, ಮುನ್ನೂರು ಗ್ರಾಂನಷ್ಟು ಉಪ್ಪು, ಅರ್ಧ ಗಂಟೆಯ ದುಡಿಮೆ. ಯಂತ್ರದ ಬದಲು ರಟ್ಟೆ. ನೀರನ್ನು ಕದಡುವ ಒಂದು ಸಣ್ಣ ಪಂಪು ಮಾತ್ರ ಬೇಕೇ ಬೇಕು. ವಿದ್ಯುತ್ತು ಹೋದಾಗ ನೀರು ನಿಶ್ಚಲವಾಗಿ ಮೀನು ಉಸಿರುಕಟ್ಟುವುದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಕೈಗೆಟಕುವಂತಿರಲಿ. ಬೆಂಗಳೂರಿನ ಚಳಿಗಾಲದ ರಾತ್ರಿಗಳಲ್ಲಿ ನೀರನ್ನು 25 ಡಿಗ್ರಿಯಲ್ಲಿಡಲು ಹೀಟರ್ ಬೇಕು. ಕರಾವಳಿಯ ಬೇಸಗೆಯಲ್ಲಿ ತಂಪುಯಂತ್ರದ ಬದಲು ನೀರಿನ ಮೇಲೆ ಬೀಸುವ ಪುಟ್ಟ ಫ್ಯಾನ್ ಸಾಕು. ಮಣ್ಣಿನ ಹೂಜಿಯ ನೀರು ತಂಪಾಗುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಉಪ್ಪುನೀರು ವಿದ್ಯುದ್ವಾಹಕ. ಆದ್ದರಿಂದ ತೊಟ್ಟಿಯಿಂದ ಬರುವ ಪ್ರತಿಯೊಂದು ತಂತಿಯೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಿರಬೇಕು. ಜಾರಿ ಬಂದ ಹನಿ ಅಲ್ಲಿಯೇ ನೆಲಕ್ಕೆ ಬೀಳುತ್ತದೆ.

ಕಲ್ಲಿನ ವಿಚಾರದಲ್ಲಿ ಒಂದು ಎಚ್ಚರ. ಹೊರದೇಶಗಳ ಪುಸ್ತಕಗಳು ಜೀವಿಗಳು ಮನೆಮಾಡಿದ ಹವಳದ ಬಂಡೆಯ ತುಂಡನ್ನು ಹಾಕಲು ಹೇಳುತ್ತವೆ. ನಮ್ಮಲ್ಲಿ ಅದಕ್ಕೆ ಆಸ್ಪದವಿಲ್ಲ. ಬಂಡೆ ಕಟ್ಟುವ ಹವಳಗಳು, ಕಡಲ ಬೀಸಣಿಗೆಗಳು, ಕಡಲ ಕುದುರೆಗಳು, ಕಡಲ ಸೌತೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯನ್ನು ಸೇರಿದವು. ಅವನ್ನು ತೆಗೆಯುವುದು, ಮಾರುವುದು ಅಪರಾಧ. ರಂಧ್ರಗಳುಳ್ಳ ಒಣ ಸುಣ್ಣಕಲ್ಲನ್ನು ಚೆನ್ನಾಗಿ ತೊಳೆದು ಬಳಸಿದರೆ ಬ್ಯಾಕ್ಟೀರಿಯಗಳಿಗೆ ಯಾವ ಕೊರತೆಯೂ ಇಲ್ಲ.

ಇನ್ನು ಮೀನು. ಕಿತ್ತಳೆ ಬಣ್ಣದ ಮೈಗೆ ಮೂರು ಬಿಳಿಯ ಪಟ್ಟೆ ತೊಟ್ಟ ಕ್ಲೌನ್ ಮೀನನ್ನು ಕಾಣದವರು ವಿರಳ. 2003ರ 'ಫೈಂಡಿಂಗ್ ನೀಮೊ' ಚಲನಚಿತ್ರ ಅದನ್ನು ಮನೆಮಾತಾಗಿಸಿತು. ನಾವು ಬೇಕಾದರೆ ಅದನ್ನು ವಿದೂಷಕ ಮೀನೆನ್ನೋಣ. ಇದರ ಸಂಸಾರ ವಿಚಿತ್ರ. ಎಲ್ಲ ಮರಿಗಳೂ ಮೊದಲು ಗಂಡಾಗಿಯೇ ಪ್ರೌಢವಾಗುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಗಂಡು ತಾನೇ ಹೆಣ್ಣಾಗುತ್ತದೆ. ಆದುದರಿಂದ ಬೇರೆಬೇರೆ ಗಾತ್ರದ ಎರಡು ಮರಿಗಳನ್ನು ತಂದರೆ ಸಾಕು, ಜೋಡಿಯ ಚಿಂತೆಯನ್ನು ಅವೇ ನೋಡಿಕೊಳ್ಳುತ್ತವೆ. ಕಡಲಿನಲ್ಲಿ ಇದು ಕಡಲ ಹೂವಿನ ಆಶ್ರಯದಲ್ಲಿರುತ್ತದೆ. ತೊಟ್ಟಿಯಲ್ಲಿ ಅದಿಲ್ಲದೆಯೂ ಸುಖವಾಗಿರುತ್ತದೆ. ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಎಂದರೆ ಇಂದು ಮಗುವಿಗಾಗಿ ತಂದ ಮೀನು ಆ ಮಗು ಕಾಲೇಜು ಮುಗಿಸುವವರೆಗೂ ಜೊತೆಗಿರಬಹುದು. ಕೊಳ್ಳುವ ಮೊದಲು ಈ ಲೆಕ್ಕವನ್ನೂ ಹಾಕಬೇಕು.

ಇದನ್ನೇ ಸೂಚಿಸಲು ಇನ್ನೊಂದು ಕಾರಣವಿದೆ. ವಿದೂಷಕ ಮೀನನ್ನು ತೊಟ್ಟಿಯಲ್ಲಿಯೇ ಮೊಟ್ಟೆಯಿಡಿಸಿ ಮರಿಮಾಡುವುದು ಸಾಧ್ಯವಾಗಿದೆ. ಅಂಗಡಿಗೆ ಬರುವ ಕಡಲ ಮೀನುಗಳಲ್ಲಿ ಹೆಚ್ಚಿನ ಜಾತಿಗಳನ್ನು ಈಗಲೂ ಕಡಲಿನಿಂದಲೇ ಹಿಡಿದು ತರುತ್ತಾರೆ. ಫಿಲಿಪೈನ್ಸಿನಲ್ಲಿ 1960ರ ದಶಕದಿಂದ, ಮುಂದೆ ಇಂಡೋನೇಷ್ಯದಲ್ಲಿಯೂ, ಹವಳದ ಸಂದಿಗಳಿಗೆ ಸಯನೈಡ್ ಎರಚಿ, ಮಂಕು ಬಡಿದ ಮೀನುಗಳನ್ನು ಹಿಡಿಯುವ ರೂಢಿ ಬೆಳೆಯಿತು. ಮೀನು ಹಿಡಿದವನು ಹೊರಟುಹೋಗುತ್ತಾನೆ. ಹವಳ ಅಲ್ಲಿಯೇ ಸಾಯುತ್ತದೆ. ತೊಟ್ಟಿಯಲ್ಲಿ ಹುಟ್ಟಿದ ಮರಿಯೇ ಬೇಕೆಂದು ಕೇಳಿ ಕೊಂಡರೆ ಈ ಪಾಪದಲ್ಲಿ ನಮ್ಮ ಪಾಲಿರುವುದಿಲ್ಲ. ಅಂಥ ಮರಿ ಒಣ ಆಹಾರಕ್ಕೂ ಹೊಂದಿಕೊಂಡಿರುತ್ತದೆ. ತಂದ ಮೀನನ್ನು ನಾಲ್ಕು ವಾರ ಬೇರೊಂದು ಟಬ್ಬಿನಲ್ಲಿಟ್ಟು, ಬಿಳಿಚುಕ್ಕೆಯ ರೋಗವಿಲ್ಲವೆಂದು ಖಚಿತವಾದ ಮೇಲೆ ತೊಟ್ಟಿಗೆ ಬಿಡಬೇಕು. ಆಹಾರ ದಿನಕ್ಕೆ ಎರಡು ಬಾರಿ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಹಸಿವಿನಿಂದ ಸತ್ತ ಮೀನುಗಳಿಗಿಂತ ನಮ್ಮ ಪ್ರೀತಿಯಿಂದ ಸತ್ತವೇ ಹೆಚ್ಚು.

ಮೊದಲು ಹೇಳಿದ ಗಾಸನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಅವನ ಪುಸ್ತಕಗಳನ್ನೋದಿದ ಜನ ಬುಟ್ಟಿ, ಸೀಸೆಗಳನ್ನು ಹಿಡಿದು ಇಂಗ್ಲೆಂಡಿನ ತೀರಗಳಿಗೆ ಮುಗಿಬಿದ್ದರು. ಬಂಡೆಗಳ ನಡುವಿನ ಕೊಳಗಳಲ್ಲಿ ಯುಗಯುಗಗಳಿಂದ ಯಾರ ಕೈಯೂ ತಾಗದೆ ಬೆಳೆದಿದ್ದ ಜೀವಲೋಕ ಕೆಲವೇ ವರ್ಷಗಳಲ್ಲಿ ಸೂರೆಹೋಯಿತು. ಗಾಸನ ಮಗ, ಸಾಹಿತಿ ಎಡ್ಮಂಡ್ ಗಾಸ್, 1907ರಲ್ಲಿ ಪ್ರಕಟಿಸಿದ 'ಫಾದರ್ ಅಂಡ್ ಸನ್' ಎಂಬ ಆತ್ಮಕಥನದಲ್ಲಿ ಇದನ್ನು ನೋವಿನಿಂದ ನೆನೆಯುತ್ತಾನೆ. ತಾನು ಬಾಲ್ಯದಲ್ಲಿ ತಂದೆಯ ಜೊತೆಯಲ್ಲಿ ಕಂಡ ತೀರ ಇನ್ನು ಯಾರಿಗೂ ಕಾಣಸಿಗದು. ಆ ಹಾನಿಯ ಹೊಣೆಯಲ್ಲಿ, ಕಡಲನ್ನು ಅಷ್ಟು ಭಕ್ತಿಯಿಂದ ಕಂಡ ತನ್ನ ತಂದೆಯ ಪಾಲೂ ಇದೆಯೆಂಬುದೇ ಅವನ ವ್ಯಥೆ.

ನಮ್ಮ ಮುರ್ಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತ, ನೀರಿನಡಿಯಲ್ಲಿ ಹವಳಗಳಿವೆ. ಅವುಗಳ ನಡುವೆ ಬಣ್ಣಬಣ್ಣದ ಮೀನುಗಳಿವೆ. ಅವು ಅಲ್ಲಿಯೇ ಇರಲಿ. ಎಂಬತ್ತು ಲೀಟರು ನೀರು, ಒಣ ಸುಣ್ಣಕಲ್ಲು, ತೊಟ್ಟಿಯಲ್ಲಿ ಹುಟ್ಟಿದ ಎರಡು ಮೀನು, ಆರು ವಾರದ ಕಾಯುವಿಕೆ, ಇಷ್ಟರಿಂದ ಕಟ್ಟಿದ ತೊಟ್ಟಿ ಕಡಲಲ್ಲ, ನಿಜ. ಆದರೆ ಅಂಥ ತೊಟ್ಟಿಯನ್ನು ಒಂದು ವರ್ಷ ಕಾಪಾಡಿದವನು ಮುಂದಿನ ಸಲ ತೀರಕ್ಕೆ ಹೋದಾಗ ಚಿಪ್ಪನ್ನು ಕೈಗೆತ್ತಿಕೊಳ್ಳುತ್ತಾನೆ, ಒಳಗೆ ಜೀವವಿದೆಯೇ ಎಂದು ತಿರುಗಿಸಿ ನೋಡುತ್ತಾನೆ, ಇದ್ದರೆ ಮತ್ತೆ ನೀರಿಗೆ ಇಳಿಸುತ್ತಾನೆ. ಜೇಬಿಗೆ ಹಾಕಿಕೊಳ್ಳುವುದಿಲ್ಲ.